ಒತ್ತಡ, ಒತ್ತಕ್ಷರ ಮತ್ತು ಶುಭಾಶಯ ಪತ್ರ

ಶುಭಾಶಯ ಪತ್ರಗಳನ್ನು ಮನೆಯಲ್ಲಿ ತಯಾರಿಸುವವರು ಬಳಸುವ ಕೈಚಾಲಿತ ಡೈ ಕಟಿಂಗ್ ಯಂತ್ರದಲ್ಲಿ ಎರಡು ರೋಲರ್‌ಗಳು, ಅವುಗಳನ್ನು ತಿರುಗಿಸುವ ಒಂದು ಹಿಡಿಕೆ ಮತ್ತು ಗೇರು, ಒಂದಷ್ಟು ಪ್ಲಾಸ್ಟಿಕ್ ಪ್ಲೇಟುಗಳನ್ನು ಬಿಟ್ಟರೆ ಬೇರೇನೂ ಇರುವುದಿಲ್ಲ. ಹರಿತವಾದ ಅಂಚು ಇರುವುದು ಡೈಯಲ್ಲಿ, ಅಂದರೆ ಬೇಕಾದ ಆಕಾರಕ್ಕೆ ಮಾಡಿದ ಲೋಹದ ಅಚ್ಚಿನಲ್ಲಿ. ಯಂತ್ರವು ಅದನ್ನು ಕಾಗದಕ್ಕೆ ಒತ್ತಿ ಕೊಡುತ್ತದೆ, ಅಷ್ಟೇ. ಈ ಸಂಗತಿ ಸರಿಯಾಗಿ ಮನಸ್ಸಿಗೆ ಬಂದ ಮೇಲೆ ನನ್ನ ಕೆಲಸದ ಹೆಚ್ಚಿನ ತೊಡಕುಗಳು ತಾವಾಗಿಯೇ ಬಿಡಿಸಿಕೊಂಡವು. ಸುಲಭಕ್ಕೆ ಬಗ್ಗದೆ ಉಳಿದದ್ದು ಕನ್ನಡ ಅಕ್ಷರಗಳನ್ನು ಕತ್ತರಿಸುವ ತೊಡಕು ಮಾತ್ರ. ಅದರ ಬಗ್ಗೆ ಮುಂದೆ ವಿವರವಾಗಿ ಬರೆಯುತ್ತೇನೆ.

ದಾವಣಗೆರೆಯ ನಮ್ಮ ಮನೆಯಲ್ಲಿರುವುದು ಸಿಝಿಕ್ಸ್ ಬಿಗ್ ಶಾಟ್ ಮಾದರಿಯ, ಸುಮಾರು 6 ಇಂಚು ಅಗಲದ ಬಾಯಿಯಿರುವ ಯಂತ್ರ. ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರವನ್ನು ಓದಿಕೊಂಡು ಸಣ್ಣ ಬ್ಲೇಡಿನಿಂದ ಕತ್ತರಿಸುವ ಕ್ರಿಕಟ್‌ನಂಥ ವಿದ್ಯುತ್ ಯಂತ್ರಗಳೂ ಇವೆ, ಮತ್ತು ಬೇಕಾದ ಆಕಾರವನ್ನು ಬೇಕಾದ ಅಳತೆಯಲ್ಲಿ ಪಡೆಯಲು ಅವೇ ಉತ್ತಮ ಎಂಬುದರಲ್ಲಿ ಅನುಮಾನವಿಲ್ಲ. ಆದರೂ ನಾನು ಕೈಯಂತ್ರವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ: ಒಂದೇ ಎಲೆಯನ್ನು ಮತ್ತೆ ಮತ್ತೆ ಕತ್ತರಿಸಬೇಕಾದಾಗ ಹಿಡಿಕೆ ತಿರುಗಿಸಿದಷ್ಟು ಬೇಗ ಬೇರೆ ಯಾವುದೂ ಕೆಲಸ ಮುಗಿಸುವುದಿಲ್ಲ, ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ, ಮತ್ತು ಅದೇ ಯಂತ್ರದಲ್ಲಿ ಎಂಬಾಸಿಂಗ್ ಫೋಲ್ಡರ್ ಇಟ್ಟು ಕಾಗದದ ಮೇಲೆ ಉಬ್ಬು ಚಿತ್ತಾರವನ್ನೂ ಮೂಡಿಸಬಹುದು.

ರೋಲರ್‌ಗಳ ನಡುವಿನ ಸಂದು ಬದಲಾಗುವುದಿಲ್ಲವಾದ್ದರಿಂದ, ಆ ಸಂದಿನಲ್ಲಿ ಹಾದುಹೋಗುವ ಅಡಕಿನ ಒಟ್ಟು ದಪ್ಪವೇ ಒತ್ತಡವನ್ನು ನಿರ್ಧರಿಸುತ್ತದೆ. ಕೆಳಗೆ ಆಧಾರದ ಪ್ಲೇಟು, ಅದರ ಮೇಲೆ ಕತ್ತರಿಸುವ ಪ್ಲೇಟು, ಅದರ ಮೇಲೆ ಕಾಗದ, ಹರಿತವಾದ ಅಂಚು ಕಾಗದದ ಕಡೆಗಿರುವಂತೆ ಡೈ, ಕೊನೆಗೆ ಇನ್ನೊಂದು ಕತ್ತರಿಸುವ ಪ್ಲೇಟು: ಇದು ನಾನು ಅನುಸರಿಸುವ ಕ್ರಮ. ಕಾಗದ ಒಂದು ಕಡೆ ಕತ್ತರಿಸಿ ಇನ್ನೊಂದು ಕಡೆ ಹಾಗೆಯೇ ಉಳಿದರೆ, ಹಿಡಿಕೆಯ ಮೇಲೆ ಬಲ ಹಾಕುವುದರಿಂದ ಪ್ರಯೋಜನವಿಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಸಿಗುವ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್ ಇರುತ್ತದೆ. ಅಂಥ ಒಂದು ಹಾಳೆಯನ್ನು ಅಡಕಿಗೆ ಸೇರಿಸಿ ಮತ್ತೊಮ್ಮೆ ಹಾಯಿಸಿದರೆ ಬಹುಪಾಲು ಕೆಲಸವಾಗುತ್ತದೆ, ಆಗದಿದ್ದರೆ ಇನ್ನೊಂದನ್ನು ಸೇರಿಸಬೇಕು. ಕತ್ತರಿಸದೆ ಉಳಿದ ಭಾಗ ಮೂಲೆಯೊಂದರಲ್ಲಿ ಮಾತ್ರ ಇದ್ದರೆ ಹಾಳೆಯ ತುಂಡನ್ನು ಆ ಮೂಲೆಯ ಮೇಲೆ ಮಾತ್ರ ಇಟ್ಟರೆ ಸಾಕು. ಹಿಡಿಕೆ ಕೈಗೆ ಬಗ್ಗದಷ್ಟು ಬಿಗಿಯಾದರೆ ಅಡಕು ಹೆಚ್ಚಾಗಿದೆ ಎಂದೇ ತಿಳಿಯಬೇಕು. ಅಲ್ಲಿಯೂ ಹಟ ಹಿಡಿದು ತಿರುಗಿಸಿದರೆ ಮೊದಲು ಬಿರುಕು ಬಿಡುವುದು ಪ್ಲೇಟು, ಆಮೇಲೆ ಕೈಕೊಡುವುದು ಒಳಗಿನ ಗೇರು.

ಪ್ಲೇಟು ಹಾಯುವಾಗ ಬರುವ ಚಟಚಟ ಸದ್ದಿಗೆ ಹೆದರಬೇಕಾಗಿಲ್ಲ, ಅದು ಸಹಜ. ಗಮನಿಸಬೇಕಾದದ್ದು ಪ್ಲೇಟಿನ ಬಾಗು. ಒಂದೇ ಮುಖದ ಮೇಲೆ ಡೈಯ ಗೀರುಗಳು ಬೀಳುತ್ತಾ ಹೋದರೆ ಪ್ಲೇಟು ದೋಣಿಯಾಕಾರಕ್ಕೆ ಬಾಗುತ್ತದೆ, ಬಾಗಿದ ಪ್ಲೇಟು ಎಲ್ಲ ಕಡೆಗೂ ಸಮನಾಗಿ ಒತ್ತುವುದಿಲ್ಲ. ಆದ್ದರಿಂದ ಪ್ರತಿ ಸಲವೂ ಮಗುಚಿ ಹಾಕುವುದು ನನಗೆ ಅಭ್ಯಾಸವಾಗಿದೆ. ಚೌಕಾಕಾರದ ಡೈಯನ್ನು ನೇರವಾಗಿ ಇಡದೆ ಸ್ವಲ್ಪ ಓರೆಯಾಗಿ ಇಡುತ್ತೇನೆ, ಏಕೆಂದರೆ ಉದ್ದನೆಯ ನೇರ ಅಂಚು ಪೂರ್ತಿಯಾಗಿ ಒಮ್ಮೆಗೇ ರೋಲರಿಗೆ ಸಿಕ್ಕರೆ ಹಿಡಿಕೆ ಜಗ್ಗಿ ನಿಲ್ಲುತ್ತದೆ. ಸೂಕ್ಷ್ಮ ಜಾಲರಿಯ ಡೈಗಳಲ್ಲಿ ಕಾಗದ ಕಚ್ಚಿಕೊಂಡು ಬಿಡಿಸುವಾಗ ಹರಿಯುವುದುಂಟು. ಡೈಗೂ ಕಾಗದಕ್ಕೂ ನಡುವೆ ಬೇಕರಿಯವರು ಬಳಸುವ ಬಟರ್ ಪೇಪರಿನ ಒಂದು ತುಂಡನ್ನು ಇಟ್ಟರೆ ಅದು ಸಲೀಸಾಗಿ ಬಿಟ್ಟುಕೊಳ್ಳುತ್ತದೆ.

ಕಾಗದದ ವಿಷಯದಲ್ಲಿ ನನ್ನ ಗುರುಗಳು ಲಗ್ನಪತ್ರಿಕೆ ಮುದ್ರಿಸುವವರು. ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ ಮುಗಿದರೂ ನಮ್ಮ ಕಡೆಯ ಸಣ್ಣ ಮುದ್ರಣಾಲಯಗಳಲ್ಲಿ ಹಳೆಯ ಟ್ರೆಡಲ್ ಯಂತ್ರಗಳು ಮೂಲೆ ಸೇರಿಲ್ಲ. ಅವನ್ನು ಈಗ ಡೈ ಪಂಚಿಂಗಿಗೂ ಮಡಿಕೆಯ ಗೆರೆ ಒತ್ತುವುದಕ್ಕೂ ಬಳಸುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪಾದರಕ್ಷೆಯ ಚರ್ಮವನ್ನು ಒಂದೇ ಅಳತೆಗೆ ಕತ್ತರಿಸಲು ಬಳಕೆಗೆ ಬಂದ ಈ ವಿದ್ಯೆ ಕಾಗದಕ್ಕೂ ಬಂದು, ಈಗ ಗಣಪತಿಯ ಆಕಾರದ ಲಗ್ನಪತ್ರಿಕೆಯವರೆಗೆ ತಲುಪಿದೆ. ಅವರ ಡೈಯೇ ಬೇರೆ: ಪ್ಲೈವುಡ್ ಹಲಗೆಯಲ್ಲಿ ಗೀರು ಕೊಯ್ದು, ಅದರೊಳಗೆ ಉಕ್ಕಿನ ಪಟ್ಟಿಯನ್ನು ಬಗ್ಗಿಸಿ ಕೂರಿಸಿ, ಕತ್ತರಿಸಿದ ಕಾಗದ ಹೊರಕ್ಕೆ ಚಿಮ್ಮಲೆಂದು ಪಕ್ಕದಲ್ಲಿ ರಬ್ಬರ್ ಅಂಟಿಸಿರುತ್ತಾರೆ. ಆ ಪಟ್ಟಿಯ ಎತ್ತರ ಸಾಮಾನ್ಯವಾಗಿ 23.8 ಮಿಲಿಮೀಟರ್ ಇರುವುದರಿಂದ ಅದು ನಮ್ಮ ಮನೆಯ ಯಂತ್ರದ ಬಾಯಿಗೆ ಹಿಡಿಸುವುದಿಲ್ಲ. ನಮ್ಮದು ಹೆಚ್ಚೆಂದರೆ ಒಂದು ಮಿಲಿಮೀಟರ್ ದಪ್ಪದ, ರಾಸಾಯನಿಕದಲ್ಲಿ ಕೊರೆದು ತೆಗೆದ ತೆಳು ಉಕ್ಕಿನ ಡೈ.

ಮಂಡಿಪೇಟೆಯ ಹತ್ತಿರದ ಒಂದು ಮುದ್ರಣಾಲಯದಿಂದ ಮದುವೆಯ ಹಂಗಾಮಿನಲ್ಲಿ ಕಟಿಂಗ್ ಪೀಸುಗಳನ್ನು ತೂಕದ ಲೆಕ್ಕದಲ್ಲಿ ತರುತ್ತೇನೆ. ಮೆಟಾಲಿಕ್ ಹೊಳಪಿನವು, ಐವರಿ ಬೋರ್ಡು, ವೆಲ್ವೆಟ್ ಮುಟ್ಟಿದಂತಿರುವವು, ಹೀಗೆ ಬಿಡಿಯಾಗಿ ಕೊಂಡರೆ ದುಬಾರಿಯಾಗುವ ಕಾಗದಗಳೆಲ್ಲ ಅಂಗೈ ಅಗಲದ ಪಟ್ಟಿಗಳಾಗಿ ಸಿಗುತ್ತವೆ, ಮತ್ತು ಎಲೆ, ಹೂವು, ಹಣತೆಗಳಿಗೆ ಅಷ್ಟಗಲ ಸಾಕೇ ಸಾಕು. ಪತ್ರದ ಮಡಿಕೆಯಲ್ಲಿ ಬಣ್ಣ ಸಿಡಿದು ನಾರು ಎದ್ದು ಕಾಣುವುದೇಕೆಂದು ಕೇಳಿದಾಗ ಅಲ್ಲಿನ ಹಿರಿಯ ಕೆಲಸಗಾರರೊಬ್ಬರು, "ಅಕ್ಕಾರೆ, ಹಾಳೇನ ಎರಡೂ ಕಡೆ ಬಗ್ಗಿಸಿ ನೋಡ್ರಿ, ಯಾವ ಕಡೆ ಸಲೀಸಾಗಿ ಬಗ್ಗತೈತೋ ಆ ಕಡೇನ ಮಡಚ್ರಿ" ಎಂದರು. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿನಲ್ಲಿ ಮಡಚಿದರೆ ಮಡಿಕೆ ನಯವಾಗಿ ಕೂರುತ್ತದೆ, ಅಡ್ಡ ಮಡಚಿದರೆ ನಾರು ಮುರಿಯುತ್ತದೆ. ಹತ್ತಿಯ ಚಿಂದಿಯಿಂದ ಮಾಡಿದ ಕೈಕಾಗದದಲ್ಲಿ ಈ ದಿಕ್ಕಿನ ಹಂಗು ಅಷ್ಟಾಗಿ ಇಲ್ಲ, ಆದರೆ ಅದರ ನಾರು ಉದ್ದವಾದ್ದರಿಂದ ಸೂಕ್ಷ್ಮ ಡೈಯಿಂದ ಕತ್ತರಿಸಿದ ಅಂಚಿನಲ್ಲಿ ಎಳೆಗಳು ಉಳಿದುಬಿಡುತ್ತವೆ. ಅದನ್ನು ನಾನು ಹಿನ್ನೆಲೆಗೆ ಮಾತ್ರ ಬಳಸುತ್ತೇನೆ. ಪತ್ರದ ಮೈಗೆ 300 ಜಿಎಸ್‌ಎಂ, ಮೇಲೆ ಅಂಟಿಸುವ ಆಕಾರಗಳಿಗೆ 160ರಿಂದ 220 ಜಿಎಸ್‌ಎಂ ಕಾಗದ ನನ್ನ ಆಯ್ಕೆ. ಮೇಲ್ಮೈಗೆ ಮಾತ್ರ ಬಣ್ಣ ಬಳಿದ ಕಾಗದವನ್ನು ಕತ್ತರಿಸಿದರೆ ಅಂಚಿನಲ್ಲಿ ಬಿಳಿ ಗೆರೆ ಕಾಣುತ್ತದೆ, ಆದ್ದರಿಂದ ಕೊಳ್ಳುವ ಮೊದಲು ಒಂದು ಮೂಲೆಯನ್ನು ಹರಿದು ನೋಡುವುದು ಒಳ್ಳೆಯದು.

ಮಾರುಕಟ್ಟೆಗೆ ಬರುವ ಡೈಗಳಲ್ಲಿ ಹೆಚ್ಚಿನವು ಕ್ರಿಸ್‌ಮಸ್ಸನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಹಿಮಸಾರಂಗ, ಪೈನ್ ಮರ, ಹಿಮದ ಹರಳು ಇವೇ ಎಲ್ಲೆಡೆ. ಶುಭಾಶಯ ಪತ್ರ ಕಳುಹಿಸುವ ಪದ್ಧತಿ ಬೆಳೆದದ್ದರಲ್ಲಿ ಆ ಹಬ್ಬದ ಪಾಲು ದೊಡ್ಡದು. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬಾತ ಚಿತ್ರಕಾರ ಜಾನ್ ಕಾಲ್ಕಾಟ್ ಹಾರ್ಸ್ಲಿಯಿಂದ ಬರೆಸಿ ಅಚ್ಚು ಹಾಕಿಸಿದ ಕ್ರಿಸ್‌ಮಸ್ ಪತ್ರವೇ ಮಾರಾಟಕ್ಕೆ ಬಂದ ಮೊದಲನೆಯದು ಎನ್ನುತ್ತಾರೆ. ಹಾಗೆಂದು ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಆರು ತೋಳಿನ ಹಿಮದ ಹರಳಿನ ಡೈಯಿಂದ ಬಿಳಿ ಕಾಗದವನ್ನು ಕತ್ತರಿಸಿ ಕೆಮ್ಮಣ್ಣಿನ ಬಣ್ಣದ ಹಾಳೆಯ ಮೇಲೆ ಅಂಟಿಸಿದರೆ ಅದು ಅಂಗಳದ ರಂಗೋಲಿಯಾಗುತ್ತದೆ. ಅದನ್ನು ಹಿಮದ ಹರಳೆಂದು ನಮ್ಮ ಕಡೆ ಯಾರೂ ಗುರುತಿಸಿಲ್ಲ.

ಯುಗಾದಿಯ ಪತ್ರಕ್ಕೆ ಉದ್ದನೆಯ ಎಲೆಯ ಡೈ ಒಂದಿದ್ದರೆ ಮಾವಿನ ತೋರಣ ಸಿದ್ಧ. ಎಳೆಯ ಹಸಿರು, ಕಡು ಹಸಿರು ಮತ್ತು ಚಿಗುರಿನ ತಾಮ್ರದ ಬಣ್ಣ, ಈ ಮೂರರಲ್ಲೂ ಎಲೆಗಳನ್ನು ಕತ್ತರಿಸಿಕೊಂಡು, ಮೌಸ್ ಪ್ಯಾಡಿನಂಥ ಮೆತ್ತನೆಯ ಹಾಸಿನ ಮೇಲೆ ಬೋರಲು ಹಾಕಿ, ರೀಫಿಲ್ ಮುಗಿದ ಬಾಲ್ ಪೆನ್ನಿನ ತುದಿಯಿಂದ ನಡುನರವನ್ನು ಒತ್ತಿ ಎಳೆಯುತ್ತೇನೆ. ಒತ್ತಿದ ಗೆರೆಯ ಎರಡೂ ಬದಿಗೆ ಕಾಗದ ತಾನಾಗಿ ಏಳುತ್ತದೆ, ತೊಟ್ಟಿನ ಕಡೆಗೆ ಮಾತ್ರ ಅಂಟು ಹಚ್ಚಿದರೆ ತುದಿ ಪತ್ರದಿಂದ ಮೇಲಕ್ಕೆ ನಿಲ್ಲುತ್ತದೆ. ಬೇವಿನ ಹೂವಿಗೆ ಐದು ಎಸಳಿರುವುದರಿಂದ ಐದೆಸಳಿನ ಅತಿ ಸಣ್ಣ ಹೂವಿನ ಡೈ ಅದಕ್ಕೆ ಸರಿಹೊಂದುತ್ತದೆ. ಬಿಳಿಯ ಹೂವಿನ ನಡುವೆ ಹಳದಿಯ ಒಂದು ಚುಕ್ಕೆ ಸಾಕು.

ಇನ್ನು ಅಕ್ಷರಗಳ ಮಾತು. ಇಂಗ್ಲಿಷಿನ ಶುಭಾಶಯದ ಡೈಗಳು ಬೇಕಾದಷ್ಟು ಸಿಗುತ್ತವೆ, ಕನ್ನಡದವು ನನ್ನ ಕೈಗೆ ಸಿಗಲಿಲ್ಲ. ಮುದ್ರಣಾಲಯದ ಉಕ್ಕಿನ ಪಟ್ಟಿಯ ಡೈಯಲ್ಲಿ ಕನ್ನಡ ಅಕ್ಷರಗಳ ಸಣ್ಣ ಸುರುಳಿಗಳಿಗೆ ತಕ್ಕಂತೆ ಪಟ್ಟಿ ಬಗ್ಗುವುದಿಲ್ಲ. ವಿದ್ಯುತ್ ಯಂತ್ರವಿರುವ ಪರಿಚಯದವರಿಂದ ಅಕ್ಷರಗಳನ್ನು ಕತ್ತರಿಸಿ ತಂದಾಗ ಬೇರೆಯೇ ಸಮಸ್ಯೆ ಎದುರಾಯಿತು. ಇಂಗ್ಲಿಷಿನ ಕೂಡುಬರಹದಲ್ಲಿ ಇಡೀ ಪದ ಒಂದೇ ತುಂಡಾಗಿ ಬರುತ್ತದೆ. 'ಹುಟ್ಟುಹಬ್ಬ' ಎಂದು ಬರೆದರೆ ಅಕ್ಷರಗಳು ಬಿಡಿಬಿಡಿಯಾಗಿ ಬರುವುದಲ್ಲದೆ, ಟಕಾರದ ಮತ್ತು ಬಕಾರದ ಒತ್ತುಗಳು ಕೆಳಗೆ ಪ್ರತ್ಯೇಕ ಚೂರುಗಳಾಗಿ ಉದುರುತ್ತವೆ. ಉಗುರಿಗಿಂತ ಚಿಕ್ಕದಾದ ಆ ಒತ್ತನ್ನು ಚಿಮಟದಲ್ಲಿ ಹಿಡಿದು, ಪ್ರತಿ ಪತ್ರದಲ್ಲೂ ಒಂದೇ ಜಾಗಕ್ಕೆ ಕೂರಿಸುವುದು ತಾಳ್ಮೆಯ ಮಾತಲ್ಲ, ಕಣ್ಣಿನ ಮಾತು. ಭಕಾರ ಧಕಾರಗಳ ಅಡಿಯಲ್ಲಿರುವ ಸೀಳಿನ ಗೆರೆಯಂತೂ ತೆಳುವಾದ ಅಕ್ಷರದಲ್ಲಿ ಎಲ್ಲಕ್ಕಿಂತ ಮೊದಲು ಹರಿಯುತ್ತದೆ. ಅದು ಹೋದರೆ 'ಶುಭ' ಎಂಬುದು 'ಶುಬ' ಆಗುತ್ತದೆ, ಅಂಥ ಪತ್ರವನ್ನು ಕನ್ನಡ ಮೇಷ್ಟ್ರೊಬ್ಬರಿಗೆ ಕೊಡುವ ಧೈರ್ಯ ನನಗಿಲ್ಲ. ಅಕ್ಷರದ ಆಕಾರವನ್ನು ಕಿಟಕಿಯಂತೆ ಕತ್ತರಿಸಿ ಹಿಂದಿನ ಬಣ್ಣ ಕಾಣಿಸಬೇಕೆಂದರೆ ಇನ್ನೊಂದು ತೊಡಕು: ರಕಾರದ ಬಳೆಯ ಒಳಗಿನ ಬಿಲ್ಲೆ, ಸೊನ್ನೆಯ ಒಳಗಿನ ಬಿಲ್ಲೆ ಎಲ್ಲವೂ ಕಳಚಿ ಬೀಳುತ್ತವೆ.

ಕೊನೆಗೆ ನಾನು ಕಂಡುಕೊಂಡ ದಾರಿ ಎರಡು. ಮೊದಲನೆಯದು ನೆರಳಿನ ಪದರ: ದಪ್ಪ ಗೆರೆಯ ಅಕ್ಷರಗಳನ್ನು ಆರಿಸಿ, ಇಡೀ ಪದದ ಸುತ್ತ ಸುಮಾರು 2 ಮಿಲಿಮೀಟರ್ ಹೊರಗೆ ಒಂದೇ ಹೊರರೇಖೆ ಎಳೆದರೆ ಒತ್ತು, ದೀರ್ಘ, ಸೊನ್ನೆ ಎಲ್ಲವನ್ನೂ ಅದು ಒಂದೇ ಮೈಯೊಳಗೆ ಸೇರಿಸಿಕೊಳ್ಳುತ್ತದೆ. ಆ ಹೊರರೇಖೆಯ ಆಕಾರಕ್ಕೆ, ಕೊಟ್ಟ ಚಿತ್ರದಂತೆ ಡೈ ಮಾಡಿಕೊಡುವವರಿಂದ ತೆಳು ಉಕ್ಕಿನ ಡೈ ಮಾಡಿಸಿಕೊಂಡೆ. ಈಗ ಹಿನ್ನೆಲೆಯ ಪದರವನ್ನು ನನ್ನ ಯಂತ್ರದಲ್ಲೇ ಬೇಕಾದಷ್ಟು ಕತ್ತರಿಸಿಕೊಂಡು ಅದರ ಮೇಲೆ ಪದವನ್ನು ಕೈಯಿಂದಲೇ ಬರೆಯುತ್ತೇನೆ. ಕತ್ತರಿಸಿದ ಅಕ್ಷರಕ್ಕಿಂತ ಬರೆದ ಅಕ್ಷರವೇ ಚೆನ್ನ ಎಂದು ನನಗೀಗ ಅನಿಸಿದೆ, ಬೇಕಿದ್ದರೆ ಇದನ್ನು ಸೋಮಾರಿತನವೆಂದು ಕರೆಯಬಹುದು. ಎರಡನೆಯದು 'ಶುಭಾಶಯ' ಎಂಬಂಥ, ಒತ್ತಕ್ಷರವೇ ಇಲ್ಲದ ಪದಗಳನ್ನು ಆರಿಸಿ, ಅಕ್ಷರಗಳ ಪಕ್ಕದ ಅಂಚುಗಳು ಒಂದನ್ನೊಂದು ತಾಗುವಂತೆ ಜೋಡಿಸಿ ಒಂದೇ ತುಂಡಾಗಿ ಕತ್ತರಿಸುವುದು. ಹಾಗೆ ಜೋಡಿಸುವಾಗ ತಲೆಕಟ್ಟುಗಳು ಒಂದೇ ಸಾಲಿನಲ್ಲಿ ಬಂದರೆ ಪದಕ್ಕೆ ಬಲವೂ ಬರುತ್ತದೆ.

ಅಂಟಿನ ವಿಷಯ ಹೆಚ್ಚು ಹೇಳಬೇಕಾದ್ದೇನಿಲ್ಲ. ನೀರು ಬೆರೆತ ಬಿಳಿ ಅಂಟು ತೆಳು ಕಾಗದವನ್ನು ಸುಕ್ಕಾಗಿಸುತ್ತದೆ, ಆದ್ದರಿಂದ ಸೂಜಿಯಂಥ ಮೂತಿಯ ಬಾಟಲಿಯಿಂದ ಚುಕ್ಕೆ ಚುಕ್ಕೆಯಾಗಿ ಹಚ್ಚಿ ದಪ್ಪ ಪುಸ್ತಕದ ಅಡಿಯಲ್ಲಿ ಇಡುತ್ತೇನೆ. ನಮ್ಮ ಬಯಲು ಸೀಮೆಯ ಬೇಸಿಗೆಯಲ್ಲಿ ಅಂಟು ಹಚ್ಚಿ ಮುಗಿಸುವುದರೊಳಗೆ ಒಣಗುವುದರಿಂದ ಫ್ಯಾನ್ ಆರಿಸಿಯೇ ಕೂರಬೇಕು. ಮಳೆಗಾಲದಲ್ಲಿ ತೇವ ಹೀರಿದ ಕಾಗದ ಮೆತ್ತಗಾಗಿ ಅಂಚು ಚೂಪಾಗಿ ಬರುವುದಿಲ್ಲ, ಹಾಗಾಗಿ ಕಾಗದವನ್ನು ಮುಚ್ಚಿದ ಡಬ್ಬಿಯಲ್ಲಿ ಇಡುತ್ತೇನೆ.

ಚಿತ್ರದುರ್ಗದಲ್ಲಿ ಕೆಲಸ ಮಾಡಿ ನಿವೃತ್ತರಾಗುತ್ತಿದ್ದವರೊಬ್ಬರಿಗೆ ಅವರ ಸಹೋದ್ಯೋಗಿಗಳು ಏಳು ಸುತ್ತಿನ ಕೋಟೆಯ ಪತ್ರ ಬೇಕೆಂದು ಕೇಳಿದ್ದರು. ಒಂದರೊಳಗೊಂದು ಕೂರುವ ಕಮಾನಿನ ಡೈಗಳ ಗುಂಪಿನಿಂದ ಏಳು ಚೌಕಟ್ಟುಗಳನ್ನು ಕತ್ತರಿಸಿ, ಹೊರಗಿನದಕ್ಕೆ ಕಡು ಕಂದು, ಒಳಗೆ ಹೋದಂತೆ ತಿಳಿ ಬಣ್ಣ ಕೊಟ್ಟು, ನಡುನಡುವೆ ಫೋಮ್ ಟೇಪ್ ಹಚ್ಚಿದೆ. ಕಲ್ಲಿನ ಮೈಗೆಂದು ಪ್ರತಿ ಚೌಕಟ್ಟನ್ನೂ ಕತ್ತರಿಸುವ ಮೊದಲೇ ಇಟ್ಟಿಗೆ ಚಿತ್ತಾರದ ಎಂಬಾಸಿಂಗ್ ಫೋಲ್ಡರಿನಲ್ಲಿ ಹಾಯಿಸಿದ್ದೆ. ಕತ್ತರಿಸಿದ ಮೇಲೆ ಉಬ್ಬಿಸಿದರೆ ಚೌಕಟ್ಟು ಎಳೆದುಕೊಂಡು ಅಳತೆ ತಪ್ಪುತ್ತದೆ. 0.3 ಮಿಲಿಮೀಟರಿನ ಏಳು ಪದರ, ಒಂದು ಮಿಲಿಮೀಟರಿನ ಆರು ಟೇಪು, ಒಟ್ಟು 8 ಮಿಲಿಮೀಟರ್ ದಾಟಿತು. ಅದು ಲಕೋಟೆಗೆ ಹಿಡಿಸದೆ ರಟ್ಟಿನ ಪೆಟ್ಟಿಗೆಯಲ್ಲೇ ಹೋಗಬೇಕಾಯಿತು.

ಅಂಚೆಯಲ್ಲಿ ಹೋಗುವ ಪತ್ರಕ್ಕೆ ನಾನು ತೂಕವನ್ನು ಮೊದಲೇ ಲೆಕ್ಕ ಹಾಕುತ್ತೇನೆ, ಏಕೆಂದರೆ ಸಾಧಾರಣ ಪತ್ರದ ಮೊದಲ ಹಂತ 20 ಗ್ರಾಂ. ಎ0 ಹಾಳೆಯ ವಿಸ್ತೀರ್ಣ ಒಂದು ಚದರ ಮೀಟರ್, ಎ5 ಅದರ ಮೂವತ್ತೆರಡನೆಯ ಒಂದು ಭಾಗ. ಆದ್ದರಿಂದ 300 ಜಿಎಸ್‌ಎಂ ಕಾಗದದ ಎ5 ಹಾಳೆಯನ್ನು ಮಡಚಿ ಮಾಡಿದ ಪತ್ರದ ತೂಕ ಸುಮಾರು 9.4 ಗ್ರಾಂ. ಲಕೋಟೆಗೆ ನಾಲ್ಕೈದು ಗ್ರಾಂ ಕಳೆದರೆ ತೋರಣ, ಹೂವು, ಅಕ್ಷರಗಳಿಗೆಲ್ಲ ಸೇರಿ ಐದಾರು ಗ್ರಾಂ ಉಳಿಯುತ್ತದೆ. ಮಡಚಿದ ಪತ್ರ 105ಕ್ಕೆ 148 ಮಿಲಿಮೀಟರ್, ಅಂಗಡಿಯ ಸಿ6 ಲಕೋಟೆ 114ಕ್ಕೆ 162. ಆ ಸಡಿಲ ಚಪ್ಪಟೆ ಪತ್ರಕ್ಕೆ ಧಾರಾಳವಾದರೂ, ಎಲೆಗಳು ಎದ್ದು ನಿಂತ ಯುಗಾದಿಯ ಪತ್ರಕ್ಕೆ ಬಿಗಿಯಾಗುತ್ತದೆ; ಅದಕ್ಕೆ ಮಾತ್ರ 100 ಜಿಎಸ್‌ಎಂ ಹಾಳೆಯಿಂದ ಸ್ವಲ್ಪ ದೊಡ್ಡ ಲಕೋಟೆಯನ್ನು ನಾನೇ ಮಡಚಿ ಅಂಟಿಸುತ್ತೇನೆ.