ತಿರುಗುವ ಬಾರ್ನ್ಸ್ ಮೇಜ್: ಪುಣೆಯಲ್ಲಿ ನಾನೇ ಮಾಡಿಸಿದ್ದು

ಬಾರ್ನ್ಸ್ ಮೇಜ್ ಅಂದರೆ ಇಲಿಗಳ ನೆನಪು ಅಳೆಯುವ ದುಂಡು ಹಲಗೆ. ಅಂಚಿನ ಸುತ್ತ ತೂತುಗಳು, ಒಂದರ ಕೆಳಗೆ ಮಾತ್ರ ಅಡಗಲು ಪೆಟ್ಟಿಗೆ; ಗೋಡೆಯ ಮೇಲಿನ ಗುರುತು ನೋಡಿ ಇಲಿ ಆ ತೂತು ಹುಡುಕಬೇಕು. ಅದಕ್ಕೆ ಬಂದ ಕೊಟೇಶನ್ ಒಂದೂವರೆ ಲಕ್ಷ ದಾಟಿತ್ತು. ಕ್ಯಾಮೆರಾ, ಸಾಫ್ಟ್‌ವೇರ್ ಬೇರೆ. ನಮ್ಮದು ಸಣ್ಣ ಫಾರ್ಮಸಿ ಕಾಲೇಜು, ಅಷ್ಟು ದುಡ್ಡು ಎಲ್ಲಿಂದ ತರೋದು? ಇಲಿ ಈಜಿ ಜಾಗ ಹುಡುಕುವ ವಾಟರ್ ಮೇಜ್ ಇತ್ತು. ಆದರೆ ನಮ್ಮ ಸಣ್ಣ ಇಲಿಗಳು (ಮೌಸ್) ಈಜುವ ಬದಲು ಸುಮ್ನೆ ತೇಲುತ್ತಿದ್ದವು. ಡಿಸೆಂಬರ್ ಬೆಳಿಗ್ಗೆ ಆ ನೀರನ್ನು 24 ಡಿಗ್ರಿಗೆ ತರಲು ನಾನೇ ಬಕೆಟ್ ಹೊರುತ್ತಿದ್ದೆ. ಕೊನೆಗೆ ಬಾರ್ನ್ಸ್ ನಾನೇ ಮಾಡಿಸುತ್ತೇನೆ ಎಂದೆ. "ಬಡಗಿ ಮಾಡಿದ ಟೇಬಲ್ ಮೇಲಿನ ಡೇಟಾ ಯಾರು ನಂಬ್ತಾರೆ?" ಎಂದರು ಸಹೋದ್ಯೋಗಿಗಳು.

ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ನಲ್ಲಿ ಜಮಖಂಡಿ ಕಡೆಯ ಬಡಗಿಯೊಬ್ಬರು ಸಿಕ್ಕರು. "ಇಷ್ಟ ತೂತು ಯಾಕ್ರೀ ಸರ?" ಎಂದು ಕೇಳಿ, ಇಲಿಗೆ ಅಂದ ಮೇಲೆ ಇನ್ನೂ ಆಸ್ಥೆಯಿಂದ ಮಾಡಿಕೊಟ್ಟರು. ಅಳತೆ ಮೌಸ್‌ಗೆ ಎಲ್ಲರೂ ಬಳಸುವುದೇ: 92 ಸೆಂಟಿಮೀಟರ್ ವ್ಯಾಸ, 20 ತೂತು, ಒಂದೊಂದೂ 5 ಸೆಂಟಿಮೀಟರ್. ಪ್ಲೈವುಡ್, ಮೇಲೆ ಬಿಳಿ ಪೇಂಟ್. ಸುಮಾರು ನಾಲ್ಕು ಸಾವಿರ ಆಯಿತು.

ಎಥಿಕ್ಸ್ ಕಮಿಟಿ ಒಪ್ಪಿಗೆ ಬಂತು, ಕೆಲಸ ಶುರು ಮಾಡಿದೆ. ಮೂರನೇ ದಿನಕ್ಕೇ ಇಲಿಗಳು ನೇರ ಸರಿಯಾದ ತೂತಿಗೆ ಹೋಗತೊಡಗಿದವು. ಖುಷಿಯಾಯಿತು. ಆದರೂ ಒಂದು ಅನುಮಾನ. ಪೆಟ್ಟಿಗೆಯನ್ನು ಅದೇ ಜಾಗದಲ್ಲಿ ಬಿಟ್ಟು ಹಲಗೆಯನ್ನು ಮಾತ್ರ ಕಾಲು ಸುತ್ತು ತಿರುಗಿಸಿದೆ. ಇಲಿಗಳು ಗೋಡೆಯ ಗುರುತು ನೋಡಲೇ ಇಲ್ಲ, ಹಳೆಯ ತೂತಿಗೇ ಹೋದವು. ಅವು ಹಿಡಿದಿದ್ದು ವಾಸನೆಯ ದಾರಿ! ಮೂತ್ರ ಮರದೊಳಗೆ ಇಳಿದಿತ್ತು. 70 ಪರ್ಸೆಂಟ್ ಆಲ್ಕೋಹಾಲ್‌ನಲ್ಲಿ ಎಷ್ಟು ಒರೆಸಿದರೂ ಹೋಗಲಿಲ್ಲ. ಮಳೆಗಾಲದಲ್ಲಿ ಪ್ಲೈ ಉಬ್ಬಿ ಪೇಂಟೂ ಎದ್ದಿತು. ಎರಡು ತಿಂಗಳ ಡೇಟಾ ಕಸದ ಬುಟ್ಟಿಗೆ.

ಆಮೇಲೆ ಅಕ್ರಿಲಿಕ್ ತಂದೆ, ಆರು ಸಾವಿರ. ಅದರ ಮೇಲೆ ಲೈಟ್ ಹೊಳೆದು, ಕ್ಯಾಮೆರಾಗೆ ಇಲಿಯ ಬದಲು ಬಲ್ಬೇ ಕಾಣುತ್ತಿತ್ತು. ಆ ದುಡ್ಡೂ ಹೋಯಿತು.

ಕೊನೆಗೆ ಕೆಲಸ ಮಾಡಿದ್ದು ಅಂಗಡಿ ಬೋರ್ಡ್‌ಗೆ ಬಳಸುವ ಪಿವಿಸಿ ಫೋಮ್ ಶೀಟ್. ಬೋರ್ಡ್ ಮಾಡುವವರೇ ಸಿಎನ್‌ಸಿ ಮೆಷಿನ್‌ನಲ್ಲಿ ಕತ್ತರಿಸಿಕೊಟ್ಟರು. ನೀರು ಕುಡಿಯಲ್ಲ, ಹೊಳಪು ಕಡಿಮೆ, ಸ್ವಲ್ಪ ಉಜ್ಜಿದರೆ ಇನ್ನೂ ಕಡಿಮೆ. ರವಿವಾರ ಪೇಠೆಯ ಬೋಹರಿ ಆಳಿ ಎಂಬ ಗಲ್ಲಿಯಲ್ಲಿ ಡೈನಿಂಗ್ ಟೇಬಲ್‌ನ ತಿರುಗುವ ತಟ್ಟೆಯ ಬೇರಿಂಗ್ ಸಿಕ್ಕಿತು. ಪೆಟ್ಟಿಗೆ ಸ್ಟ್ಯಾಂಡಿಗೆ, ಹಲಗೆ ಬೇರಿಂಗಿಗೆ. ಪ್ರತಿ ಟ್ರಯಲ್ ಆದ ಮೇಲೆ ಹಲಗೆ ಒರೆಸಿ ತಿರುಗಿಸುತ್ತೇನೆ, ಪೆಟ್ಟಿಗೆ ಕೋಣೆಯ ಅದೇ ಮೂಲೆಗೆ ನೋಡುತ್ತಿರುತ್ತದೆ.

ಮೊದಮೊದಲು ತೂತು ಮತ್ತು ಪೆಟ್ಟಿಗೆಯ ಬಾಯಿ ಒಂದಕ್ಕೊಂದು ಕೂಡುತ್ತಿರಲಿಲ್ಲ. ಒಂದು ಸೆಂಟಿಮೀಟರ್ ತಪ್ಪಿದರೂ ಇಲಿ ಇಣುಕಿ ವಾಪಸ್ ಬರುತ್ತಿತ್ತು. ಬಾಗಿಲಿಗೆ ಹಾಕುವ ಬಾಲ್ ಕ್ಯಾಚರ್ ಕೂರಿಸಿ, ಹಲಗೆಯ ಅಡಿಗೆ 20 ಗುಳಿ ಕೊರೆಸಿದೆ. ಈಗ ಟಕ್ ಎಂದು ಕೂರುತ್ತದೆ. ಅರವತ್ತು ರೂಪಾಯಿ ಸಾಮಾನು, ಆದರೆ ಇಡೀ ಮೇಜ್‌ನಲ್ಲಿ ನನಗೆ ಜಾಸ್ತಿ ಹೆಮ್ಮೆ ಅದರದೇ. ಪೆಟ್ಟಿಗೆಯೊಳಗೆ ಏನು ಹಾಸುತ್ತೇನೆ ಎಂಬುದನ್ನು ಮಾತ್ರ ಪೇಪರ್ ಬರುವ ತನಕ ಹೇಳುವುದಿಲ್ಲ.

ಸ್ವಿಸ್ ಆಲ್ಬಿನೊ ಎಂಬ ಬಿಳಿ ಇಲಿ ಬಿಟ್ಟು ಸಿ57 ಎಂಬ ಕಪ್ಪು ತಳಿಗೆ ಬಂದೆ. ಆಲ್ಬಿನೊಗಳಿಗೆ ಕಣ್ಣು ಮಂದ, ಗೋಡೆಯ ಗುರುತು ಕಾಣುವುದೇ ಕಷ್ಟ ಅಲ್ವಾ. ಬಿಳಿ ಹಲಗೆಯ ಮೇಲೆ ಕಪ್ಪು ಇಲಿ, ತಪಕೀರ್ ಗಲ್ಲಿಯ ಅಗ್ಗದ ವೆಬ್‌ಕ್ಯಾಮೂ ಸಾಕಾಯಿತು. ದಿನಕ್ಕೆ ನಾಲ್ಕು ಟ್ರಯಲ್, ಮೂರು ನಿಮಿಷದ ಮಿತಿ, ಐದನೇ ದಿನ ಪ್ರೋಬ್, ಅಂದರೆ ಪೆಟ್ಟಿಗೆ ಇಲ್ಲದೆ ನೆನಪಿನ ಪರೀಕ್ಷೆ. ಮೊದಲ ದಿನ ಎರಡು ನಿಮಿಷದ ಮೇಲೆ ತೆಗೆದುಕೊಂಡವು, ನಾಲ್ಕನೇ ದಿನ ಮೂವತ್ತು ಸೆಕೆಂಡಿನ ಒಳಗೆ ಬಂದವು. ಈ ಸಲ ಹಲಗೆ ತಿರುಗಿಸಿದರೂ ಸರಿಯಾದ ಜಾಗಕ್ಕೇ! ಅಂದು ಸಹೋದ್ಯೋಗಿಗಳನ್ನು ಕರೆದು ಅವರ ಕೈಯಲ್ಲೇ ತಿರುಗಿಸಿದೆ.

ಕೊನೆಯ ಆವೃತ್ತಿಗೆ ಕ್ಯಾಮೆರಾ ಸೇರಿ ಹನ್ನೊಂದು ಸಾವಿರ. ಹಾಳಾದದ್ದೂ ಸೇರಿಸಿದರೆ ಇಪ್ಪತ್ತೊಂದು. ಉಳಿದ ಶೀಟ್‌ನಲ್ಲಿ ಇಲಿಯ ಆತಂಕ ಅಳೆಯುವ ಒಂದು ಎಲಿವೇಟೆಡ್ ಪ್ಲಸ್ ಮೇಜ್ ಆಯಿತು, ತೋಳು 30 ಸೆಂಟಿಮೀಟರ್ ಉದ್ದ, 5 ಅಗಲ. ಅದರ ಕಥೆ ಬೇರೆ.

ನಡುವೆ ಗಣೇಶೋತ್ಸವ ಬಂತು. ಕಾಲೇಜಿನ ಹಿಂದೆಯೇ ಢೋಲ್-ತಾಶಾ ಪ್ರಾಕ್ಟೀಸ್. ಚೆನ್ನಾಗಿ ಕಲಿತಿದ್ದ ಇಲಿಗಳೂ ಅಂಚಿನಲ್ಲಿ ಮುದುಡಿ ಕೂತವು. ಆ ವಾರದ ಲೆಕ್ಕ ಪೂರ್ತಿ ಬಿಟ್ಟೆ. ಮುಂದಿನ ಬ್ಯಾಚ್‌ಗೆ ತಾರೀಕು ಹಾಕುವ ಮೊದಲು ಚತುರ್ಥಿ ಯಾವತ್ತು, ಢೋಲ್ ಪಥಕದವರು ಯಾವಾಗಿಂದ ಶುರು ಮಾಡುತ್ತಾರೆ ಎಂದು ವಾಚ್‌ಮನ್‌ನನ್ನು ಕೇಳಿ ಬರೆದಿಟ್ಟುಕೊಂಡಿದ್ದೇನೆ.