ಪಕ್ಕದಲ್ಲೇ ಬಸ್ ಡಿಪೊ ಬರುತ್ತಾ? ಹೊಗೆಯ ಲೆಕ್ಕ ಈಗಲೇ ಕೇಳಿ

ಬಡಾವಣೆಯ ಖಾಲಿ ಜಾಗಕ್ಕೆ ಬಸ್ ಡಿಪೊ ಬರುತ್ತದೆ ಅಂತ ಸುದ್ದಿಯಾದರೆ ಸಾಕು, ‘ಡಿಪೊ ಬೇಡ’ ಎಂಬ ಬ್ಯಾನರ್ ಏಳುತ್ತದೆ. ಆದರೆ ಬಸ್ಸು ನಮಗೂ ಬೇಕು, ಅಲ್ವಾ? ಬೇಡದ್ದು ಹೊಗೆ. ಜಗಳವನ್ನೂ ಅದರ ಮೇಲೇ ಇಡಿ.

1. ಮೊದಲು ಸಾರಿಗೆ ಸಂಸ್ಥೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಪೀಠಿಕೆ ಬಿಟ್ಟು ನೇರ ಕೇಳಿ: ಎಷ್ಟು ಬಸ್ಸು ನಿಲ್ಲುತ್ತವೆ? ಡೀಸೆಲ್ ಎಷ್ಟು, ಎಲೆಕ್ಟ್ರಿಕ್ ಎಷ್ಟು? ಬಿಎಸ್-6ಕ್ಕಿಂತ (ಈಗಿನ ಹೊಗೆ ಮಾನದಂಡ) ಹಳೆಯವು ಎಷ್ಟು? ಬೆಳಗ್ಗೆ ಮೊದಲ ಬಸ್ಸು ಎಷ್ಟಕ್ಕೆ ಹೊರಡುತ್ತದೆ? ಯಾರ್ಡಿನ ನಕ್ಷೆಯ ಪ್ರತಿಯೂ ಬೇಕು.

ಬೆಳಗಿನ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ರಾತ್ರಿಯಿಡೀ ನಿಂತ ಬಸ್ಸಿನ ಏರ್ ಬ್ರೇಕ್‌ನಲ್ಲಿ ಗಾಳಿಯ ಒತ್ತಡ ಇಳಿದಿರುತ್ತದೆ. ಅದು ಏರುವ ತನಕ ಡ್ರೈವರ್ ಎಂಜಿನ್ ಚಾಲೂ ಇಟ್ಟು ಕಾಯಲೇಬೇಕು. ಬಿಎಸ್-6 ಬಸ್ಸಾದರೂ ಅಷ್ಟೇ: ಸೈಲೆನ್ಸರ್ ದಾರಿಯ ಶುದ್ಧೀಕರಣ ಸಾಧನ ಬಿಸಿಯಾಗುವವರೆಗೆ ನೈಟ್ರೋಜನ್ ಆಕ್ಸೈಡ್ ಸರಿಯಾಗಿ ತಡೆಯುವುದಿಲ್ಲ. ಚಳಿಗಾಲದ ಬೆಳಗ್ಗೆ ಹೊಗೆ ಮೇಲೇರದೆ ಕೆಳಗೇ ಕೂರುತ್ತದೆ. ಕಾಂಪೌಂಡ್ ಪಕ್ಕದ ಮನೆಯವರು ಕಿಟಕಿ ತೆಗೆಯುವುದೂ ಅದೇ ಹೊತ್ತಿಗೆ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಘೋಷಿಸಿದೆ.

2. ಡಿಪೊ ಬರುವ ಮೊದಲೇ ಗಾಳಿ ಅಳೆಯಿರಿ. ಬಂದ ಮೇಲೆ ಅಳೆದರೆ ‘ಮೊದಲೂ ಹೀಗೇ ಇತ್ತು’ ಅಂದುಬಿಡುತ್ತಾರೆ. ನಾಲ್ಕು ಮನೆಯವರು ಸೇರಿ ಗಾಳಿಯ ಸೂಕ್ಷ್ಮ ಕಣ (ಪಿಎಂ 2.5) ಅಳೆಯುವ ಮೀಟರ್ ಕೊಳ್ಳಿ. ಬಿಸಿಲು, ಮಳೆ, ಒಗ್ಗರಣೆ ಹೊಗೆ ತಾಗದ ಕಡೆ ಇಡಿ. ಮಂಜು ಬಿದ್ದ ದಿನ ಇವು ಜಾಸ್ತಿ ತೋರಿಸುತ್ತವೆ, ಅದನ್ನೂ ಗುರುತು ಹಾಕಿ. ನಮ್ಮ ದೇಶದ ಮಿತಿ ಘನ ಮೀಟರ್‌ಗೆ 60 ಮೈಕ್ರೋಗ್ರಾಂ, 24 ಗಂಟೆಯ ಸರಾಸರಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ಕಾಣುವುದು ಗಾಳಿಯ ಗುಣಮಟ್ಟದ ಸೂಚ್ಯಂಕ. ಎರಡನ್ನೂ ಬೆರೆಸಬೇಡಿ.

3. ಸಾರ್ವಜನಿಕ ಅಹವಾಲು ಸಭೆ ಕರೆಯುತ್ತಾರೆ ಅಂತ ಸುಮ್ನೆ ಕಾಯಬೇಡಿ. ಕೇಂದ್ರದ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರಷ್ಟೇ ಪರಿಸರ ಅನುಮತಿಯ ಮಾತು. ಡಿಪೊದಲ್ಲಿ ಬಯಲೇ ಹೆಚ್ಚು, ಕಟ್ಟಡ ಆ ಅಳತೆ ಮುಟ್ಟದೆಯೂ ಇರಬಹುದು. ಆ ಜಾಗದ ಭೂಬಳಕೆ ಬದಲಾಗುತ್ತಿದ್ದರೆ ಪತ್ರಿಕೆಯಲ್ಲಿ ನೋಟಿಸ್ ಬರುತ್ತದೆ. ಗಡುವಿನೊಳಗೆ ಆಕ್ಷೇಪಣೆ ಕೊಟ್ಟು, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಒಂದು ಪ್ರತಿ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಹೋಗಲಿ.

4. ಆಕ್ಷೇಪಣೆಯಲ್ಲಿ ಬರೀ ದೂರು ಬೇಡ, ಬೇಡಿಕೆ ಇರಲಿ. ಬಸ್ಸು ಸ್ಟಾರ್ಟ್ ಮಾಡುವ ಸಾಲು ಮನೆಗಳಿಂದ ದೂರ ಹೋಗಲಿ. ಕಚೇರಿ, ಸ್ಟೋರ್‌ಗಳು ಮನೆಗಳ ಕಡೆಗೆ ಬರಲಿ. ಧೂಳೇಳದಂತೆ ಯಾರ್ಡಿಗೆ ಕಾಂಕ್ರೀಟ್ ಹಾಕಲಿ. ನಸುಕಿನ ಟ್ರಿಪ್‌ಗಳಿಗೆ ಎಲೆಕ್ಟ್ರಿಕ್ ಬಸ್ಸು ಬಿಡಲಿ. ‘ಊರಾಚೆ ಹಾಕಿ’ ಅನ್ನುವುದು ನನಗಂತೂ ಸರಿ ಕಾಣುವುದಿಲ್ಲ. ಖಾಲಿ ಓಡುವ ಡೆಡ್ ಕಿಲೋಮೀಟರ್ ಹೆಚ್ಚುತ್ತದೆ, ಹೊಗೆ ಇನ್ನೊಬ್ಬರ ಬೀದಿಗೆ ಹೋಗುತ್ತದೆ, ಅಷ್ಟೇ.

5. ಯಾವುದಕ್ಕೂ ಜಗ್ಗದಿದ್ದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಹೋಗಬಹುದು. ವ್ಯಾಜ್ಯದ ಕಾರಣ ಹುಟ್ಟಿದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಸೀಲು ಬಿದ್ದ ಪ್ರತಿಗಳನ್ನೂ ಮೀಟರ್ ಲೆಕ್ಕವನ್ನೂ ವಕೀಲರು ಮೊದಲ ದಿನವೇ ಕೇಳುತ್ತಾರೆ.