ಅಂಗಳದ ಮೂಲೆಗೊಂದು ತಂಗಡಿ ಗಿಡ

ಚಿತ್ರದುರ್ಗ, ಬಳ್ಳಾರಿ, ತುಮಕೂರು ಕಡೆ ಓಡಾಡಿದವರು ಈ ಗಿಡ ನೋಡಿಯೇ ಇರುತ್ತೀರಿ. ಕಲ್ಲುಗುಡ್ಡದ ಬುಡ, ಕೆರೆ ಏರಿ, ರಸ್ತೆ ಪಕ್ಕದ ಗರಸು ನೆಲ, ಎಲ್ಲೆಂದರಲ್ಲಿ ಆಳೆತ್ತರಕ್ಕೆ ಬೆಳೆದು ಹಳದಿ ಹೂ ತುಂಬಿಕೊಂಡು ನಿಂತಿರುತ್ತದೆ. ತಂಗಡಿ, ತಂಗಟೆ, ಆವರಿಕೆ ಎಲ್ಲಾ ಇದೇ. ನರ್ಸರಿಯಲ್ಲಿ ಹುಡುಕುತ್ತಾ ಕೂರಬೇಡಿ. ಬೀಜ ಪುಕ್ಕಟೆ ಸಿಗುತ್ತದೆ, ಅದೂ ಅಲ್ಲದೆ ಇದರ ತಾಯಿಬೇರು ಬೇಗ ಆಳಕ್ಕಿಳಿಯುವುದರಿಂದ ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ನೆಟ್ಟರೆ ಬದುಕುವುದು ಕಷ್ಟ.

ಕಾಯಿ ಒಣಗಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಕೀಳಿ. ಕೀಳುವ ಮುಂಚೆ ಸ್ವಲ್ಪ ಗಮನಿಸಿ: ತಂಗಡಿ ಕಾಯಿ ಚಪ್ಪಟೆ, ಕಾಗದದ ಹಾಗೆ ತೆಳು, ಬೀಜ ಇರುವ ಕಡೆ ಮಾತ್ರ ಉಬ್ಬು. ಬಂಡೀಪುರ, ನಾಗರಹೊಳೆ ಕಾಡಿಗೆ ತಲೆನೋವಾಗಿರುವ ಸೆನ್ನಾ ಸ್ಪೆಕ್ಟಾಬಿಲಿಸ್ ಕೂಡ ಇದರ ದಾಯಾದಿಯೇ, ಹೂವೂ ಹಳದಿಯೇ. ಆದರೆ ಅದು ಮರವಾಗುತ್ತದೆ, ಕಾಯಿ ಉದ್ದಕ್ಕೆ ಗುಂಡಗಿರುತ್ತದೆ. ಅದನ್ನು ಮಾತ್ರ ಮನೆಗೆ ತರಬೇಡಿ.

ಬೀಜದ ಸಿಪ್ಪೆ ಬಲು ಗಟ್ಟಿ. ಸುಮ್ನೆ ಮಣ್ಣಿಗೆ ಹಾಕಿದರೆ ತಿಂಗಳುಗಟ್ಟಲೆ ಕಾಯಿಸುತ್ತದೆ. ನೀರು ಕುದಿಸಿ ಒಲೆಯಿಂದ ಇಳಿಸಿ, ಬೀಜ ಹಾಕಿ ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ಉಬ್ಬಿರುವುದನ್ನು ಬಿತ್ತಿ, ಉಬ್ಬದೇ ಇರುವುದನ್ನು ಉಪ್ಪುಕಾಗದದ ಮೇಲೆ ನಾಲ್ಕು ಸಲ ಉಜ್ಜಿ ಮತ್ತೆ ನೆನೆಹಾಕಿ. ಮುಂಗಾರು ಶುರುವಾದಾಗ ಅರ್ಧ ಇಂಚು ಆಳಕ್ಕೆ, ಗಿಡ ಎಲ್ಲಿ ಬೇಕೋ ಅಲ್ಲೇ ಊರಿಬಿಡಿ. ಬೇಲಿಗಾದರೆ ಮೂರು ಅಡಿಗೊಂದು ಸಾಕು. ದಿನವಿಡೀ ಬಿಸಿಲು ಬೀಳಬೇಕು, ನೀರು ನಿಲ್ಲಬಾರದು. ಬೇರೂರುವ ತನಕ ನೀರು ಹಾಕಿ, ಆಮೇಲೆ ಅದರ ಪಾಡಿಗೆ ಬಿಡಿ. ಗೊಬ್ಬರ ಸುರಿದು ಮುದ್ದು ಮಾಡಿದರೆ ಸೊಪ್ಪು ಜಾಸ್ತಿ, ಹೂ ಕಡಿಮೆ. ಒಂದು ಸುತ್ತು ಹೂ ಮುಗಿದ ಮೇಲೆ ಸವರಿದರೆ ಪೊದೆ ದಟ್ಟವಾಗುತ್ತದೆ. ದನಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ, ಹಾಗಾಗಿ ಹೊಲದ ಬದುವಿಗೂ ಸರಿ.

ಹೂ ಬಿಟ್ಟಾಗ ಬೆಳಿಗ್ಗೆ ಹತ್ತಿರ ನಿಂತು ನೋಡಿ. ದೊಡ್ಡ ಕಪ್ಪು ದುಂಬಿ ಬಂದು ಕೇಸರಗಳನ್ನು ಅಪ್ಪಿ ಹಿಡಿದು ಮೈಯನ್ನೇ ಗುಂಯ್ ಅಂತ ಅದುರಿಸುತ್ತದೆ. ಪರಾಗ ಇರುವುದು ಕೇಸರದ ತುದಿಯ ಸಣ್ಣ ತೂತಿನೊಳಗೆ, ಹೀಗೆ ಅದುರಿಸಿದರೇ ಉದುರುವುದು. ಎಲೆ ಮೇಲೆ ಹಸಿರು ಹುಳ ಕಂಡರೆ ಔಷಧಿ ಹೊಡೆಯಬೇಡಿ, ಬಿಳಿ-ಹಳದಿ ಚಿಟ್ಟೆಯ ಮರಿ ಇರಬಹುದು.

ಬಳಕೆ ಬೇಕಾದಷ್ಟಿದೆ. ಮಧ್ಯ ಕರ್ನಾಟಕದ ಹಳ್ಳಿಗಳಲ್ಲಿ ದೀಪಾವಳಿಗೆ ಸಗಣಿ ಉಂಡೆಗೆ ಈ ಹೂವನ್ನೂ ಉತ್ರಾಣಿ ಕಡ್ಡಿಯನ್ನೂ ಚುಚ್ಚಿ ಬಾಗಿಲ ಪಕ್ಕ ಇಡುತ್ತಾರೆ. ತೆಲಂಗಾಣದವರು ಬತುಕಮ್ಮ ಅನ್ನುವ ಹೂವಿನ ಹಬ್ಬದಲ್ಲಿ ಜೋಡಿಸುತ್ತಾರೆ, ಅಲ್ಲಿ ಇದು ರಾಜ್ಯದ ಹೂವೇ. ಎಳೆ ಕಡ್ಡಿ ಹಲ್ಲುಜ್ಜುವುದಕ್ಕೆ, ಸೊಪ್ಪು ಹಸಿರು ಗೊಬ್ಬರಕ್ಕೆ. ತೊಗಟೆಯಲ್ಲಿ ಒಗರು ಜಾಸ್ತಿ, ಚರ್ಮ ಹದ ಮಾಡುವವರಿಗೆ ಒಂದು ಕಾಲಕ್ಕೆ ಇದೇ ಆಧಾರ. ಆಮೇಲೆ ಆಫ್ರಿಕಾದಿಂದ ವ್ಯಾಟಲ್ ಅನ್ನುವ ಮರದ ತೊಗಟೆ ಬಂದು ಇದರ ಜಾಗ ಹಿಡಿಯಿತು.

ಈಗ ಎಲ್ಲರೂ ಕೇಳುವುದು ಹೂವಿನ ಟೀ. ರಸ್ತೆ ಧೂಳು ಕೂರದ ಗಿಡದಿಂದ ಹೂ ಬಿಡಿಸಿ, ಎಸಳನ್ನು ನೆರಳಲ್ಲಿ ಒಣಗಿಸಿ ಡಬ್ಬಿಗೆ ಹಾಕಿಡಿ. ಒಂದು ಲೋಟ ನೀರಿಗೆ ಒಂದು ಚಿಟಿಕೆ, ಎರಡು ನಿಮಿಷ ಕುದಿ ಸಾಕು. ಸಕ್ಕರೆ ಕಾಯಿಲೆಗೆ ಇದೇ ಮದ್ದು ಅಂತ ಮಾತ್ರೆ ಬಿಟ್ಟು ಕುಡಿಯುವವರಿದ್ದಾರೆ, ಹಾಗೆ ಮಾಡಬೇಡಿ. ಮಾತ್ರೆ ತಗೊಳ್ಳುವವರು, ಬಸುರಿಯರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.